ನಡೆಯುವವರ ನಡುವೆ ಸೈಕಲ್: ದಾವಣಗೆರೆಯ ದಾರಿಗಳಲ್ಲಿ ಬೀಳದೆ, ಬೀಳಿಸದೆ ಹೋಗುವುದು ಹೇಗೆ

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ, ಕೆರೆ ಏರಿ ಮೇಲೆ ನಾನು ಒಬ್ಬ ಅಜ್ಜನನ್ನು ಬೀಳಿಸಿದೆ. ಜೋರಾಗಿ ಹೋಗುತ್ತಿರಲಿಲ್ಲ. ಬೆಲ್ ಹೊಡೆದಿದ್ದೆ. ಬ್ರೇಕೂ ಚೆನ್ನಾಗಿತ್ತು. ಬೆಲ್ ಕೇಳಿದ ಕೂಡಲೇ ಅವರು ನನಗೆ ದಾರಿ ಬಿಡೋಣ ಅಂತಲೇ ಬಲಕ್ಕೆ ಸರಿದರು. ನಾನೂ ಅವರನ್ನು ದಾಟೋಣ ಅಂತ ಬಲಕ್ಕೇ ಬಂದಿದ್ದೆ. ಕೈ ಊರಿಕೊಂಡು ಬಿದ್ದರು. ಅಂಗೈ ತರಚಿತು, ಪುಣ್ಯಕ್ಕೆ ಮೂಳೆಗೆ ಏನೂ ಆಗಲಿಲ್ಲ. "ಬೆಲ್ ಯಾವ ಕಡೆಯಿಂದ ಬಂತು ಅಂತ ಗೊತ್ತಾಗ್ಲಿಲ್ಲಪ್ಪ" ಅಂದರು, ಅಷ್ಟೆ. ಬೈದಿದ್ದರೆ ಆ ಹೊತ್ತಿಗೆ ಮರೆತುಬಿಡುತ್ತಿದ್ದೆನೋ ಏನೋ.

ಆಮೇಲೆ ಯೋಚಿಸಿದೆ. ಮುಂದೆ ನಡೆಯುವವರಿಗೆ ಬೆನ್ನಲ್ಲಿ ಕಣ್ಣಿಲ್ಲ. ಹಿಂದಿನಿಂದ ಬರುವ ನನಗೆ ಅವರು ಪೂರ್ತಿ ಕಾಣುತ್ತಾರೆ. ಕಾಣುವವನು ನಾನಾದ ಮೇಲೆ ತಪ್ಪಿಸಿಕೊಳ್ಳುವ ಕೆಲಸವೂ ನನ್ನದೇ ಅಲ್ವಾ? ಇಲ್ಲಿ ಬರೆದಿರುವುದೆಲ್ಲ ಈ ಒಂದು ಮಾತಿನಿಂದಲೇ ಹುಟ್ಟಿದ್ದು.

ದಾವಣಗೆರೆಯಲ್ಲಿ ಇಂಥ ದಾರಿ ಒಂದೇ ಬಗೆಯದಲ್ಲ. ಕುಂದುವಾಡ ಕೆರೆಯ ಸುತ್ತ ಬೆಳಗಾದರೆ ವಾಕಿಂಗ್‌ನವರದೇ ಜಾತ್ರೆ. ಭದ್ರಾ ನಾಲೆಯ ಪಕ್ಕದ ಮಣ್ಣುದಾರಿಯಲ್ಲಿ ಹೊಲಕ್ಕೆ ಹೋಗುವವರು, ಎಮ್ಮೆ, ಟ್ರ್ಯಾಕ್ಟರ್, ನಾವು, ಎಲ್ಲರೂ ಇರುತ್ತೇವೆ. ಬಡಾವಣೆಗಳಲ್ಲಿ ರಸ್ತೆ ಅಂಚಿನ ಪೇವರ್ ಹಾಸಿದ ಪಟ್ಟಿ ಇದೆ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಯಲ್ಲಿ ನಮ್ಮ ಊರೂ ಬಂದ ಮೇಲೆ ರಸ್ತೆ ಬದಿಗಳ ಬಗ್ಗೆ ಮಾತು ಜಾಸ್ತಿ ಆಯಿತು. ಆದರೆ ದಾರಿ ಎಷ್ಟೇ ಚೆನ್ನಾಗಿರಲಿ, ಅದರ ಮೇಲೆ ಬರುವವರು ನಾವೇ.

ಹೆಜ್ಜೆ 1: ಈ ದಾರಿ ಯಾರದು ಅಂತ ಮೊದಲು ತಿಳಿದುಕೊಳ್ಳಿ

ಬಾಗಿಲಲ್ಲಿ ಬೋರ್ಡ್ ಇದ್ದರೆ ಓದಿ. ಸೈಕಲ್ ಬೇಡ ಅಂತ ಇದ್ದರೆ ಇಳಿದು ತಳ್ಳಿಕೊಂಡು ಹೋಗಿ. ಇಳಿದು ತಳ್ಳುವವನು ನಡೆಯುವವನ ಲೆಕ್ಕವೇ, ಯಾರೂ ತಕರಾರು ಮಾಡುವುದಿಲ್ಲ. ಕೆಲವು ಕಡೆ ಬೆಳಿಗ್ಗೆ ಇಂತಿಷ್ಟು ಹೊತ್ತು ವಾಕಿಂಗ್‌ನವರಿಗೆ ಮಾತ್ರ ಅಂತ ಇರುತ್ತದೆ. ಬೋರ್ಡೇ ಇಲ್ಲದಿದ್ದರೆ ಫುಟ್‌ಪಾತ್ ಅನ್ನುವುದು ಕಾಲಿನವರದು ಅಂತ ಇಟ್ಟುಕೊಳ್ಳಿ.

ಫುಟ್‌ಪಾತ್ ಮೇಲಾಗಲಿ, ಸೈಕಲ್ ಪಟ್ಟಿಯ ಮೇಲಾಗಲಿ ಬೈಕ್ ಓಡಿಸುವಂತಿಲ್ಲ. ಸಂಚಾರ ನಿಯಮದಲ್ಲೇ ಇದೆ. ಹಾಗಂತ ಬೈಕ್ ಬರುವುದೇ ಇಲ್ಲ ಅಂದುಕೊಂಡು ಹೋಗಬೇಡಿ. ಬರುತ್ತದೆ. ಎದುರಿನಿಂದಲೇ ಬರುತ್ತದೆ.

ಹೆಜ್ಜೆ 2: ಮನೆ ಬಿಡುವ ಮೊದಲು ಎರಡು ನಿಮಿಷ

ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಎಷ್ಟು ಗಾಳಿ ಬೇಕು ಅಂತ ಟೈರಿನ ಪಕ್ಕದಲ್ಲೇ ಅಚ್ಚು ಹಾಕಿರುತ್ತಾರೆ, ಪಿ.ಎಸ್.ಐ. ಅನ್ನುವ ಗಾಳಿ ಒತ್ತಡದ ಲೆಕ್ಕದಲ್ಲಿ. ಎರಡೂ ಬ್ರೇಕ್ ಹಿಡಿದು ಸೈಕಲ್ ಮುಂದಕ್ಕೆ ತಳ್ಳಿ. ಜಾರಿದರೆ ಬ್ರೇಕ್ ರಬ್ಬರ್ ಸವೆದಿದೆ, ಇಲ್ಲವೇ ತಂತಿ ಸಡಿಲವಾಗಿದೆ. ಚೈನ್ ಒಣಗಿದ್ದರೆ ಎರಡು ಹನಿ ಎಣ್ಣೆ. ಪ್ಯಾಂಟಿನ ತುದಿ, ವೇಲು, ಸೆರಗು, ಬ್ಯಾಗಿನ ದಾರ ಚಕ್ರದ ಹತ್ತಿರ ಜೋತುಬೀಳಬಾರದು. ವೇಲು ಕಡ್ಡಿಗೆ ಸುತ್ತಿಕೊಂಡು ಬಿದ್ದವರನ್ನು ನಾನೇ ಕಂಡಿದ್ದೇನೆ. ಹಿಂದೆ ಮಗು ಕೂತಿದ್ದರೆ ಕಾಲಿಡಲು ಜಾಗ ಬೇಕು, ಕಡ್ಡಿಗೆ ಮರೆಯೂ ಬೇಕು. ಮಗು ಪಾದ ತೂರಿಸುವುದು ಒಂದು ಕ್ಷಣದ ಕೆಲಸ.

ಹೆಲ್ಮೆಟ್ ಕಾನೂನಿನಲ್ಲಿ ಕಡ್ಡಾಯವಿರುವುದು ಬೈಕ್, ಸ್ಕೂಟರಿನವರಿಗೆ, ಸೈಕಲ್‌ನವರಿಗಲ್ಲ. ಆದರೂ ಹಾಕಿಕೊಳ್ಳಿ. ಹುಬ್ಬಿನ ಮೇಲೆ ಎರಡು ಬೆರಳು ಜಾಗ ಬಿಟ್ಟು ನೇರವಾಗಿ ಕೂರಬೇಕು. ಹಿಂದಕ್ಕೆ ಟೋಪಿಯಂತೆ ವಾಲಿಸಿಕೊಂಡರೆ ಹಣೆಯೇ ಬಯಲು. ಗದ್ದದ ಪಟ್ಟಿಯ ಒಳಗೆ ಒಂದು ಬೆರಳು ಹೋಗುವಷ್ಟು ಸಡಿಲ ಸಾಕು. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ಟನ್ನು, ಹೊರಗೆ ಬಿರುಕು ಕಾಣದಿದ್ದರೂ, ಬದಲಿಸಿ.

ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ 6 ಗಂಟೆಗೆ ಇನ್ನೂ ಕತ್ತಲೆ. ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಬೇಕೇ ಬೇಕು. ಮುಂದಿನ ದೀಪವನ್ನು ಸ್ವಲ್ಪ ನೆಲಕ್ಕೆ ಬಾಗಿಸಿ ಕಟ್ಟಿ. ಎದುರಿಗೆ ಬರುವ ಅಜ್ಜಿಯ ಕಣ್ಣಿಗೆ ಹೊಡೆದರೆ ಅವರಿಗೆ ನಿಮ್ಮ ಸೈಕಲ್ಲೂ ಕಾಣುವುದಿಲ್ಲ, ತಮ್ಮ ಕಾಲ ಕೆಳಗಿನ ಕಲ್ಲೂ ಕಾಣುವುದಿಲ್ಲ.

ಹೆಜ್ಜೆ 3: ವೇಗದ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಡೆಯುವವರು ಗಂಟೆಗೆ ಸುಮಾರು 5 ಕಿ.ಮೀ. ಹೋಗುತ್ತಾರೆ. ನೀವು 15ರಲ್ಲಿ ಹೋಗುತ್ತಿದ್ದರೆ ಒಂದು ಸೆಕೆಂಡಿಗೆ 4 ಮೀಟರ್ ದಾಟುತ್ತೀರಿ. ಎದುರಿಗೆ ಏನೋ ಬಂತು ಅಂತ ತಲೆಗೆ ಹೊಳೆದು ಕೈ ಬ್ರೇಕ್ ಹಿಡಿಯುವಷ್ಟರಲ್ಲಿ ಸುಮಾರು ಒಂದು ಸೆಕೆಂಡ್ ಕಳೆದಿರುತ್ತದೆ. ಅಂದರೆ ಬ್ರೇಕ್ ಹಿಡಿಯುವ ಮೊದಲೇ 4 ಮೀಟರ್ ಹೋಯಿತು. ಆಮೇಲೆ ನಿಲ್ಲಲು ಇನ್ನೂ 3 ಮೀಟರ್. ಒಟ್ಟು 7.

ಅದೇ 25ರಲ್ಲಿ ಹೋದರೆ? ಹೊಳೆಯುವಷ್ಟರಲ್ಲಿ 7 ಮೀಟರ್, ನಿಲ್ಲುವಷ್ಟರಲ್ಲಿ ಮತ್ತೆ 8. ಒಟ್ಟು 15 ಮೀಟರ್. ವೇಗ ಎರಡು ಪಟ್ಟೂ ಆಗಿಲ್ಲ, ನಿಲ್ಲುವ ದೂರ ಎರಡು ಪಟ್ಟು ದಾಟಿತು. ಇದು ಒಣಗಿದ ದಾರಿಯ ಲೆಕ್ಕ. ಮಳೆ ಬಂದಿದ್ದರೆ ಇನ್ನೂ ಜಾಸ್ತಿ.

ಹಾಗಾಗಿ ನನ್ನ ಕಟ್ಟು ಹೀಗಿದೆ. ದಾರಿ ಖಾಲಿ ಇದ್ದು ದೂರದವರೆಗೆ ಕಂಡರೆ 15. ಜನ ಇದ್ದರೆ 10. ಮಕ್ಕಳು, ನಾಯಿ, ಕೋಲು ಹಿಡಿದ ಹಿರಿಯರು ಇದ್ದರೆ ನಡಿಗೆಯ ವೇಗ. 25ರಲ್ಲಿ ಹೋಗುವ ಆಸೆ ಇದ್ದವರು ಕೆರೆ ಏರಿಗೆ ಬರಬೇಡಿ. ಕಸರತ್ತು ಮಾಡಲು ಬೇರೆ ಜಾಗ ಹುಡುಕಿ. ನನಗೆ ಇದರಲ್ಲಿ ದಾಕ್ಷಿಣ್ಯ ಇಲ್ಲ.

ಬ್ರೇಕ್ ಬಗ್ಗೆ ಒಂದು ಮಾತು. ನಮ್ಮ ಬಹಳಷ್ಟು ಸೈಕಲ್‌ಗಳಲ್ಲಿ ಬಲಗೈಯದು ಮುಂದಿನ ಚಕ್ರದ ಬ್ರೇಕ್. ನಿಮ್ಮದರಲ್ಲಿ ಯಾವುದು ಅಂತ ಮನೆ ಮುಂದೆಯೇ ನೋಡಿಕೊಳ್ಳಿ. ನಿಲ್ಲಿಸುವ ಶಕ್ತಿ ಹೆಚ್ಚಿರುವುದು ಮುಂದಿನದಕ್ಕೆ, ಆದರೆ ಅದೊಂದನ್ನೇ ಗಕ್ಕನೆ ಹಿಡಿದರೆ ಮಗುಚುತ್ತೀರಿ. ಎರಡನ್ನೂ ಒಟ್ಟಿಗೆ, ಮೊದಲು ಮೆಲ್ಲಗೆ, ಆಮೇಲೆ ಬಿಗಿಯಾಗಿ. ಮೈಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ.

ಹೆಜ್ಜೆ 4: ದಾಟುವುದು

ಅವಘಡಗಳು ಹುಟ್ಟುವುದೇ ಇಲ್ಲಿ. ನಾನು ಕಲಿತದ್ದೂ ಇಲ್ಲೇ.

ಎಡಕ್ಕೆ ಇರಿ, ಬಲಗಡೆಯಿಂದ ದಾಟಿ. ಬೆಲ್ಲನ್ನು ಹತ್ತಿರ ಹೋಗಿ ಹೊಡೆಯಬೇಡಿ. ಹತ್ತಿರದ ಬೆಲ್ ಎಚ್ಚರಿಸುವುದಿಲ್ಲ, ಬೆಚ್ಚಿಬೀಳಿಸುತ್ತದೆ. ಬೆಚ್ಚಿದವರು ಯಾವ ಕಡೆ ಹಾರುತ್ತಾರೋ ಅವರಿಗೂ ಗೊತ್ತಿರುವುದಿಲ್ಲ. 20 ಮೀಟರ್ ದೂರವಿದ್ದಾಗ ಒಂದೇ ಸಲ, ಮೆಲ್ಲಗೆ. ಆಮೇಲೆ ಪೆಡಲ್ ನಿಲ್ಲಿಸಿ, ಅವರು ಏನು ಮಾಡುತ್ತಾರೆ ನೋಡಿ. ತಿರುಗಿ ನೋಡಿದರೆ, ಸರಿದರೆ, ಕೈ ಎತ್ತಿದರೆ, ಕೇಳಿಸಿದೆ ಅಂತ ಅರ್ಥ. ಏನೂ ಮಾಡದಿದ್ದರೆ ಕೇಳಿಸಿಲ್ಲ. ಕಿವಿಯಲ್ಲಿ ಇಯರ್‌ಫೋನ್ ಇರಬಹುದು, ಕಿವಿಯೇ ಮಂದ ಇರಬಹುದು, ಮಗಳ ಮದುವೆ ಮಾತು ನಡೆದಿರಬಹುದು.

ಆಗ ಬಾಯಿ ಬಿಡಿ. ಬೆಲ್ಲಿಗಿಂತ ಮನುಷ್ಯನ ದನಿ ಒಳ್ಳೆಯದು, ಅದು ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. "ಅಣ್ಣಾ, ನಿಮ್ಮ ಬಲಗಡೆ ಬರ್ತಿದೀನ್ರಿ." "ಅಜ್ಜಾ, ನೀವು ಹಂಗೇ ನಡೀರಿ, ನಾನು ಬಲಕ್ಕೆ ಹೋಗ್ತೀನಿ." ಎರಡನೆಯದು ನನಗೆ ಇಷ್ಟ. "ಸರೀರಿ" ಅಂದರೆ ಅವರು ಎತ್ತಲಾದರೂ ಸರಿಯುತ್ತಾರೆ. "ಹಂಗೇ ನಡೀರಿ" ಅಂದರೆ ಸರಿಯುವ ಕೆಲಸ ನಮ್ಮದಾಗುತ್ತದೆ, ಅವರ ಹೆಜ್ಜೆ ನೇರ ಉಳಿಯುತ್ತದೆ. ಬರೀ "ಸೈಡ್, ಸೈಡ್" ಅಂತ ಕೂಗುವವರು ದಯವಿಟ್ಟು ನಿಲ್ಲಿಸಿ. ಯಾವ ಸೈಡು?

ದಾಟುವಾಗ ನಿಮಗೂ ಅವರಿಗೂ ನಡುವೆ ಚಾಚಿದ ಕೈಗಿಂತ ಜಾಸ್ತಿ ಅಂತರ ಬೇಕು. ಮಾತಿನಲ್ಲಿ ಮುಳುಗಿದವರ ಕೈ ಯಾವಾಗ ಬೀಸುತ್ತದೋ ಹೇಳಲಾಗದು. ಅಷ್ಟು ಜಾಗ ಇಲ್ಲದಿದ್ದರೆ ದಾಟಬೇಡಿ. ಹಿಂದೆಯೇ ನಿಧಾನಕ್ಕೆ ಹೋಗಿ, ಇಲ್ಲವೇ ಇಳಿಯಿರಿ. ದಾಟಿದ ಮೇಲೆ "ಬರ್ತೀನ್ರಿ" ಅಂದರೆ ನಾಳೆ ಅವರೇ ಜಾಗ ಬಿಡುತ್ತಾರೆ.

ಗುಂಪನ್ನು ದಾಟುವಾಗ ಮೋಸ ಹೋಗಬೇಡಿ. ನಾಲ್ಕು ಜನ ಸಾಲಾಗಿ ಬರುತ್ತಿದ್ದರೆ ಮೂವರು ಒಂದು ಕಡೆ ಸರಿಯುತ್ತಾರೆ, ನಾಲ್ಕನೆಯವರು ಒಬ್ಬರೇ ಆದೆ ಅಂತ ಕೊನೆ ಗಳಿಗೆಯಲ್ಲಿ ಗುಂಪಿನ ಕಡೆ ಓಡುತ್ತಾರೆ. ಮಗು ಅಮ್ಮನ ಕಡೆ ಓಡುವುದೂ ಹೀಗೇ. ಅಮ್ಮ ಎಡಕ್ಕೆ, ಮಗು ಬಲಕ್ಕೆ ಇದ್ದರೆ ನಡುವೆ ನುಗ್ಗಬೇಡಿ, ನಿಂತುಬಿಡಿ. ನಾಯಿ ಹಿಡಿದವರದೂ ಅದೇ ಕಥೆ. ನಾಯಿ ಒಂದು ಬದಿ, ಯಜಮಾನ ಇನ್ನೊಂದು ಬದಿ ಇದ್ದರೆ ನಡುವೆ ಕಣ್ಣಿಗೆ ಕಾಣದ ಹಗ್ಗ ಇರುತ್ತದೆ.

ನೀವೂ ಇಬ್ಬರಿದ್ದರೆ ಒಬ್ಬರ ಹಿಂದೆ ಒಬ್ಬರು ಹೋಗಿ. ಮಾತು ಕಾಫಿ ಹೊತ್ತಿಗೆ ಇಟ್ಟುಕೊಳ್ಳಿ. ಮುಂದಿನವನು ದಾಟುವಾಗ "ಹಿಂದೆ ಇನ್ನೊಬ್ರು ಇದಾರೆ" ಅಂತ ಹೇಳಿ ಹೋಗಲಿ. ಒಂದು ಸೈಕಲ್ ಹೋಯಿತಲ್ಲ ಅಂತ ನಡುವೆ ಬಂದವರಿಗೆ ಎರಡನೆಯದು ತಾಗುವುದು ಹೀಗೇ.

ಹೆಜ್ಜೆ 5: ನೆಲ ಓದುವುದು

ಕಣ್ಣು ಮುಂದಿನ ಚಕ್ರದ ಮೇಲಿರಬಾರದು, 10–15 ಮೀಟರ್ ಮುಂದಿರಬೇಕು. ಅಷ್ಟು ಮುಂಚೆ ಕಂಡರೆ ಮಾತ್ರ ಏನಾದರೂ ಮಾಡಬಹುದು.

ಚರಂಡಿ ಮೇಲಿನ ಕಬ್ಬಿಣದ ಜಾಲರಿ ನೋಡಿ. ಅದರ ಸೀಳು ದಾರಿಯ ಉದ್ದಕ್ಕೆ ಇದ್ದರೆ ತೆಳು ಟೈರು ಸೀದಾ ಒಳಗೆ ಕೂರುತ್ತದೆ, ನೀವು ಹ್ಯಾಂಡಲ್ ದಾಟಿ ಮುಂದೆ ಹೋಗುತ್ತೀರಿ. ಅಡ್ಡಕ್ಕೆ ಇದ್ದರೆ ಬರೀ ಗಡಗಡ. ರೈಲ್ವೆ ಗೇಟಿನಲ್ಲೂ ಇದೇ ಲೆಕ್ಕ. ಹಳಿಯನ್ನು ಓರೆಯಾಗಿ ದಾಟಬೇಡಿ, ಆದಷ್ಟೂ ನೇರ ಅಡ್ಡಕ್ಕೆ ದಾಟಿ. ಮಳೆಯಲ್ಲಿ ಹಳಿಯೂ ಮ್ಯಾನ್‌ಹೋಲ್ ಮುಚ್ಚಳವೂ ಬಣ್ಣ ಬಳಿದ ಪಟ್ಟಿಯೂ ಸೋಪು ಹಚ್ಚಿದಂತೆ. ಅವುಗಳ ಮೇಲೆ ಬ್ರೇಕೂ ಹಿಡಿಯಬೇಡಿ, ತಿರುಗಿಸಲೂ ಬೇಡಿ. ಮೊದಲೇ ವೇಗ ಇಳಿಸಿ ಸುಮ್ನೆ ಉರುಳಿ ಹೋಗಿ.

ಪೇವರ್ ಹಾಸಿದ ಕಡೆ ಮರದ ಬೇರು ಕಲ್ಲನ್ನು ಎತ್ತಿರುತ್ತದೆ. ಅಂಚಿನ ಕಲ್ಲನ್ನು ಓರೆಯಾಗಿ ಹತ್ತಲು ಹೋದರೆ ಟೈರು ಅದಕ್ಕೆ ಉಜ್ಜಿಕೊಂಡು ಜಾರುತ್ತದೆ. ಪಾಚಿ ಕಟ್ಟಿದ ಕಲ್ಲು ಮಳೆಗಾಲದ ವಿಶೇಷ.

ಸುಗ್ಗಿಯದು ನಮ್ಮ ಜಿಲ್ಲೆಯದೇ ಅಪಾಯ. ಮೆಕ್ಕೆಜೋಳ ಬಂತೆಂದರೆ ಊರ ಹೊರಗಿನ ರಸ್ತೆಯ ಅರ್ಧ ಒಣಗುವ ಕಾಳಿನದು. ಕಾಳಿನ ಮೇಲೆ ಟೈರು ಹೋದರೆ ಗೋಲಿ ಮೇಲೆ ಹೋದಂತೆ. ನಾನು ಜಾರಿದ್ದು ರಾಶಿಯ ಮೇಲಲ್ಲ. ರಾಶಿ ಎತ್ತಿಕೊಂಡು ಹೋದ ಮೇಲೆ ಉಳಿದ ನಾಲ್ಕು ಕಾಳಿನ ಮೇಲೆ, ತಿರುವಿನಲ್ಲಿ. ರಾಶಿಯ ಅಂಚಿಗೆ ಕಾವಲಿಗೆ ಇಟ್ಟ ಕಲ್ಲುಗಳು ಕತ್ತಲಲ್ಲಿ ಕಾಣುವುದೇ ಇಲ್ಲ. ರೈತರಿಗೆ ಕಣ ಇಲ್ಲ, ಅವರನ್ನು ಬೈದು ಏನು ಮಾಡುವುದು? ಆ ತಿಂಗಳುಗಳಲ್ಲಿ ಸಂಜೆಗತ್ತಲಿನಲ್ಲಿ ಆ ಕಡೆ ಹೋಗದಿರುವುದು ಒಳ್ಳೆಯದು.

ಜಾಲಿ ಮುಳ್ಳು, ನೆಗ್ಗಿಲು ಮುಳ್ಳು ನಾಲೆ ದಾರಿಯ ಬಳುವಳಿ. ಅಂಚಿಗೆ ತೀರಾ ಹೋಗಬೇಡಿ. ಹೋಗದಿರಲು ಇನ್ನೂ ದೊಡ್ಡ ಕಾರಣ ನಾಲೆಯೇ. ನೀರು ಬಿಟ್ಟಾಗ ಅದರ ಸೆಳೆತ ಮೇಲೆ ಕಾಣುವುದಿಲ್ಲ, ಇಳಿಜಾರು ದಡ ಪಾಚಿಯಿಂದ ಜಾರುತ್ತದೆ, ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ತಡೆಗೋಡೆ ಇಲ್ಲದ ಕಡೆ ನೀರಿನ ಪಕ್ಕದಲ್ಲಿ ಯಾರನ್ನೂ ದಾಟಬೇಡಿ. ಸೈಕಲ್ ಕಲಿಯುವ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲೇಬೇಡಿ. ಯಾರಾದರೂ ಬಿದ್ದರೆ ಹಿಂದೆ ಹಾರಬೇಡಿ. ಹಗ್ಗ, ಪಂಚೆ, ಉದ್ದ ಟೊಂಗೆ, ಕೈಗೆ ಸಿಕ್ಕಿದ್ದನ್ನು ದಡದಿಂದಲೇ ಎಸೆಯಿರಿ, ಕೂಗಿ ಜನ ಸೇರಿಸಿ.

ಗಾಳಿಪಟದ ಕಾಲದಲ್ಲಿ ಕಣ್ಣು ನೆಲದ ಮೇಲಿದ್ದರೆ ಸಾಲದು. ಪಟ ಹಾರಿಸುವ ಹರಿತವಾದ ನೈಲಾನ್ ಮಾಂಜಾ ದಾರವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ. ಆದರೂ ಮರಕ್ಕೆ, ಕಂಬಕ್ಕೆ ಸಿಕ್ಕಿ ಕತ್ತಿನ ಎತ್ತರಕ್ಕೆ ಜೋತಾಡುವುದುಂಟು. ಮಕ್ಕಳು ಪಟ ಹಾರಿಸುವ ಜಾಗದಲ್ಲಿ ನಿಧಾನ, ಕತ್ತಿಗೆ ಒಂದು ಟವೆಲ್. ಜೋತುಬಿದ್ದ ಕರೆಂಟ್ ತಂತಿ ಕಂಡರೆ ಹತ್ತಿರವೂ ಹೋಗಬೇಡಿ. 1912ಕ್ಕೆ ಫೋನ್ ಮಾಡಿ, ಬೇರೆಯವರನ್ನೂ ತಡೆಯಿರಿ.

ಹೆಜ್ಜೆ 6: ದಾರಿ ಮುರಿಯುವ ಜಾಗಗಳು

ಅಡ್ಡರಸ್ತೆ, ಮನೆ ಗೇಟು, ಅಂಗಡಿ ಬಾಗಿಲು. ಬಡಾವಣೆಗಳಲ್ಲಿ ಸೈಕಲ್‌ನವರಿಗೆ ನಿಜವಾದ ಭಯ ಇಲ್ಲೇ. ಪಟ್ಟಿ ನೇರವಾಗಿದೆ, ನಮ್ಮದೇ ದಾರಿ ಅನ್ನುವ ಧೈರ್ಯ ಬರುತ್ತದೆ. ಆದರೆ ನಿಂತ ಕಾರುಗಳ ಸಾಲಿನ ಹಿಂದೆ ನಾವು ಹೋಗುತ್ತಿರುವುದು ರಸ್ತೆಯಲ್ಲಿರುವವನಿಗೆ ಕಾಣುವುದೇ ಇಲ್ಲ. ಅವನು ಎಡಕ್ಕೆ ತಿರುಗುತ್ತಾನೆ, ಸೀದಾ ನಮ್ಮ ಮುಂದೆ. ಆದ್ದರಿಂದ ಪ್ರತಿ ಅಡ್ಡರಸ್ತೆಗೂ ಪೆಡಲ್ ನಿಲ್ಲಿಸಿ, ಕೈ ಬ್ರೇಕ್ ಮೇಲಿಟ್ಟು, ಹಿಂದೆ ಬಲಕ್ಕೆ ಒಮ್ಮೆ ತಿರುಗಿ ನೋಡಿ. ಗಾಡಿಯವನ ಕಣ್ಣು ನಿಮ್ಮ ಕಣ್ಣಿಗೆ ಸಿಗುವವರೆಗೆ ಅವನು ನಿಮ್ಮನ್ನು ಕಂಡಿಲ್ಲ ಅಂತಲೇ ತಿಳಿಯಿರಿ. ಬಸ್ಸು, ಲಾರಿಯ ಎಡಮೂಲೆಯಲ್ಲಿ ನಿಲ್ಲಲೇಬೇಡಿ. ಅದರ ಕನ್ನಡಿಯಲ್ಲಿ ಡ್ರೈವರ್ ಮುಖ ನಿಮಗೆ ಕಾಣದಿದ್ದರೆ ನೀವೂ ಅವರಿಗೆ ಕಾಣುತ್ತಿಲ್ಲ.

ಎದುರು ದಿಕ್ಕಿನಲ್ಲಿ ಹೋಗುವುದು ಇದಕ್ಕಿಂತ ಕೆಟ್ಟದ್ದು. ಅಡ್ಡರಸ್ತೆಯಿಂದ ಹೊರಬರುವವನು ಗಾಡಿ ಬರುವ ಕಡೆ ಮಾತ್ರ ನೋಡುತ್ತಾನೆ. ನೀವು ಇನ್ನೊಂದು ಕಡೆಯಿಂದ ಬಂದರೆ ಅವನ ಲೆಕ್ಕದಲ್ಲೇ ಇಲ್ಲ.

ನಿಂತ ಕಾರಿನಿಂದ ಒಂದು ಬಾಗಿಲಿನಷ್ಟು ದೂರ, ಒಂದು ಮೀಟರಿಗಿಂತ ಹೆಚ್ಚು ಬಿಟ್ಟು ಹೋಗಿ. ಕಾರಿನಲ್ಲಿ ಕೂತವರಿಗೆ ಒಂದು ಸಣ್ಣ ಉಪಾಯ: ಬಾಗಿಲನ್ನು ಅದರ ಪಕ್ಕದ ಕೈಯಿಂದ ತೆಗೆಯಬೇಡಿ, ದೂರದ ಕೈಯಿಂದ ತೆಗೆಯಿರಿ. ಡ್ರೈವರ್ ಎಡಗೈಯಿಂದ ತೆಗೆದರೆ ಮೈ ತಾನಾಗಿ ತಿರುಗುತ್ತದೆ, ಹಿಂದೆ ಬರುವ ಸೈಕಲ್ ಕಾಣುತ್ತದೆ.

ಹೆಜ್ಜೆ 7: ನಾಯಿ, ಹಂದಿ, ದನ

ದನಕ್ಕೆ ಹಿಂದಿನಿಂದ ಜಾಗ ಬಿಡಿ, ಕೊಂಬಿನ ಕಡೆ ಹೋಗಬೇಡಿ. ಹಂದಿ ನೇರ ಓಡುತ್ತದೆ, ಅದರ ಹಿಂದೆ ಮರಿಗಳೂ ಬರುತ್ತವೆ. ಮೊದಲನೆಯದು ದಾಟಿತು ಅಂತ ಹೊರಡಬೇಡಿ.

ನಾಯಿ ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯಬೇಕು ಅನ್ನಿಸುತ್ತದೆ. ಓಡುವುದನ್ನು ಅಟ್ಟುವುದು ಅದರ ಹುಟ್ಟುಗುಣ. ಬಹಳಷ್ಟು ಜನ ಗಾಯ ಮಾಡಿಕೊಳ್ಳುವುದು ಕಚ್ಚಿಸಿಕೊಂಡಲ್ಲ, ಗಾಬರಿಯಲ್ಲಿ ಬಿದ್ದು. ನಿಧಾನಿಸಿ, ಇಳಿಯಿರಿ, ಸೈಕಲ್ಲನ್ನು ನಿಮಗೂ ಅದಕ್ಕೂ ನಡುವೆ ಹಿಡಿದು ನಡೆಯಿರಿ. ಗಟ್ಟಿಯಾಗಿ "ಹಚಾ" ಅನ್ನಿ. ದಿಟ್ಟಿಸಿ ನೋಡಬೇಡಿ.

ಕಚ್ಚಿದರೆ, ಪರಚಿದರೂ ಸರಿ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡು 15 ನಿಮಿಷ. ಅರಿಸಿನ, ಸುಣ್ಣ, ಕಾರದಪುಡಿ ಏನೂ ಬೇಡ. ಅವತ್ತೇ ಆಸ್ಪತ್ರೆಗೆ ಹೋಗಿ. ನಮ್ಮಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ. ರೇಬಿಸ್ ಚುಚ್ಚುಮದ್ದಿಗೆ ಹೇಳಿದ ದಿನಗಳಿಗೆಲ್ಲ ತಪ್ಪದೆ ಹೋಗಬೇಕು. ಎರಡು ಹಾಕಿಸಿ ಸಾಕು ಅನ್ನಬೇಡಿ. ರೋಗ ಬಂದ ಮೇಲೆ ಉಳಿಸುವ ಮದ್ದಿಲ್ಲ.

ಹೆಜ್ಜೆ 8: ಬಿದ್ದರೆ, ಬೀಳಿಸಿದರೆ

ತಕ್ಷಣ ಏಳಬೇಡಿ, ಎಬ್ಬಿಸಲೂ ಬೇಡಿ. ನಮ್ಮ ಜನ ಒಳ್ಳೆಯ ಮನಸ್ಸಿನಿಂದಲೇ ಬಿದ್ದವರನ್ನು ಕಂಕುಳಿಗೆ ಕೈ ಹಾಕಿ ಎತ್ತಿಬಿಡುತ್ತಾರೆ. ಕುತ್ತಿಗೆ ಅಥವಾ ಬೆನ್ನು ನೋಯುತ್ತಿದ್ದರೆ, ಕೈಕಾಲು ಜುಮ್ಮೆನ್ನುತ್ತಿದ್ದರೆ ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಿ. ಹಿಂದೆ ಬರುವವರನ್ನು ಒಬ್ಬರು ತಡೆಯಲಿ. ರಕ್ತ ಹರಿಯುತ್ತಿದ್ದರೆ ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿಯಿರಿ, ಪದೇ ಪದೇ ತೆಗೆದು ನೋಡಬೇಡಿ.

ತಲೆಗೆ ಪೆಟ್ಟು ಬಿದ್ದು ವಾಂತಿ ಬಂದರೆ, ಮಾತು ತೊದಲಿದರೆ, ತಲೆನೋವು ಏರುತ್ತಾ ಹೋದರೆ, ಮಂಪರು ಬಂದರೆ, ಮನೆಗೆ ಹೋಗಿ ಮಲಗಿದರೆ ಸರಿಹೋಗುತ್ತದೆ ಅನ್ನಬೇಡಿ, ಆಸ್ಪತ್ರೆಗೆ ಹೋಗಿ. ಹಿರಿಯರು ಬಿದ್ದರಂತೂ "ಏನಿಲ್ಲಪ್ಪ" ಅಂದರೂ ನಂಬಬೇಡಿ. ಅವರ ಮುಂಗೈ, ಸೊಂಟದ ಮೂಳೆ ಬೇಗ ಮುರಿಯುತ್ತದೆ. ನಿಮ್ಮ ಹೆಸರು, ಫೋನ್ ನಂಬರ್ ಕೊಟ್ಟು, ಅವರ ಮನೆಯವರಿಗೆ ತಿಳಿಸಿ, ಜೊತೆಗೆ ಹೋಗಿ. ಬೈಕ್ ಅಥವಾ ಕಾರು ಗುದ್ದಿದ್ದರೆ 112ಕ್ಕೂ ಹೇಳಿ, ಗಾಡಿ ನಂಬರಿನ ಫೋಟೊ ತೆಗೆಯಿರಿ. ಅಂಥ ಅಪಘಾತದಲ್ಲಿ ನೆರವಾದವರನ್ನು ಪೀಡಿಸುವಂತಿಲ್ಲ ಅಂತ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ್ದಾರೆ. ಹಾಗಾಗಿ ಸಾಕ್ಷಿ ಆಗಬೇಕಾಗುತ್ತದೆ ಅಂತ ಹೆದರಿ ದೂರ ನಿಲ್ಲಬೇಡಿ.

ಹೆಜ್ಜೆ 9: ಗುಂಡಿ ಕಂಡವರು ಹೇಳಬೇಕು

ಒಡೆದ ಜಾಲರಿ, ಎದ್ದ ಕಲ್ಲು, ಮುಚ್ಚಳ ಇಲ್ಲದ ಗುಂಡಿ ಕಂಡರೆ ಎರಡು ಫೋಟೊ ತೆಗೆಯಿರಿ. ಒಂದು ಹತ್ತಿರದ್ದು. ಇನ್ನೊಂದು ದೂರದ್ದು, ಪಕ್ಕದ ಕಂಬದ ನಂಬರೋ ಅಂಗಡಿ ಬೋರ್ಡೋ ಕಾಣುವಂತೆ. ಎರಡನೆಯದು ಇಲ್ಲದಿದ್ದರೆ ಕೆಲಸದವರು ಬಂದರೂ ಜಾಗ ಸಿಗದೆ ವಾಪಸ್ ಹೋಗುತ್ತಾರೆ. ಬೀದಿ, ಕ್ರಾಸ್, ಯಾವ ಬದಿ ಅಂತ ಬರೆದು ಮಹಾನಗರ ಪಾಲಿಕೆಗೆ ಕೊಡಿ, ದೂರಿನ ನಂಬರ್ ಇಟ್ಟುಕೊಳ್ಳಿ.

ಅವರು ಬರುವವರೆಗೆ ನಮ್ಮ ಹಳೇ ಪದ್ಧತಿ ಇದ್ದೇ ಇದೆ, ಗುಂಡಿಗೆ ಟೊಂಗೆ ನೆಡುವುದು. ಬರೀ ಕೋಲು ನೆಟ್ಟರೆ ಕತ್ತಲಲ್ಲಿ ಅದಕ್ಕೇ ಜನ ಗುದ್ದುತ್ತಾರೆ. ಎಲೆ ತುಂಬಿದ ಬೇವಿನ ಟೊಂಗೆ ನೆಡಿ, ತುದಿಗೆ ಬಿಳಿ ಬಟ್ಟೆಯ ಚೂರು ಕಟ್ಟಿ. ಪಕ್ಕದಲ್ಲಿ ಕಲ್ಲು ಮಾತ್ರ ಇಡಬೇಡಿ. ಗುಂಡಿ ಮುಚ್ಚಿದ ಮೇಲೂ ಆ ಕಲ್ಲು ಅಲ್ಲೇ ಉಳಿದಿರುತ್ತದೆ.